ಕತ್ತರಿ ಬಿದ್ದದ್ದು ಪ್ರೀತಿಯ ಮೇಲೆ

1923ರ ಮಾರ್ಚ್ 6. ನ್ಯೂಯಾರ್ಕ್‌ನ 42ನೇ ಬೀದಿಯ ಅಪೊಲೊ ಥಿಯೇಟರ್‌ನಲ್ಲಿ ನಾಟಕ ನಡೀತಾ ಇತ್ತು. ಮಧ್ಯದಲ್ಲೇ ಒಬ್ಬ ಪೊಲೀಸ್ ಪತ್ತೇದಾರ ಬಂದ. ನಿರ್ಮಾಪಕರ ಮೇಲೂ ನಟನಟಿಯರ ಮೇಲೂ ಅಶ್ಲೀಲತೆಯ ಕೇಸ್ ಆಗಿದೆ, ಕೋರ್ಟಿಗೆ ಹಾಜರಾಗಬೇಕು ಅಂತ ತಿಳಿಸಿದ. ಮೇ ತಿಂಗಳಲ್ಲಿ ಜ್ಯೂರಿ ಅವರನ್ನು ತಪ್ಪಿತಸ್ಥರು ಅಂತ ತೀರ್ಮಾನಿಸಿತು. ನಾಟಕದಲ್ಲಿ ಇಬ್ಬರು ಹುಡುಗಿಯರು ಒಬ್ಬರನ್ನೊಬ್ಬರು ಪ್ರೀತಿಸ್ತಾರೆ, ಒಮ್ಮೆ ಮುತ್ತು ಕೊಡ್ತಾರೆ. ಬ್ರಾಡ್‌ವೇ ರಂಗಭೂಮಿಯಲ್ಲಿ ಅಂಥ ಮುತ್ತು ಅದೇ ಮೊದಲು ಅಂತ ಹೇಳ್ತಾರೆ.

ಆ ನಾಟಕದ ಹೆಸರು 'ಗಾಡ್ ಆಫ್ ವೆಂಜೆನ್ಸ್'. ಕನ್ನಡದಲ್ಲಿ 'ಸೇಡಿನ ದೇವರು' ಅಂದುಕೊಳ್ಳೋಣ. ಅದಕ್ಕೆ ಏನಾಯ್ತು ಅನ್ನೋದರ ಮೇಲೆ ಸುಮಾರು 90 ವರ್ಷದ ನಂತರ ಇನ್ನೊಂದು ನಾಟಕ ಬಂತು, 'ಇಂಡೀಸೆಂಟ್'. ಅಂದರೆ 'ಅಸಭ್ಯ'. ಬರೆದವರು ಅಮೆರಿಕದ ನಾಟಕಕಾರ್ತಿ ಪೌಲಾ ವೋಗೆಲ್. ಪರಿಕಲ್ಪನೆಯಲ್ಲಿ ಜೊತೆಯಾಗಿ ನಿಂತು ನಿರ್ದೇಶನ ಮಾಡಿದವರು ರೆಬೆಕಾ ಟೈಚ್‌ಮನ್. 2015ರಲ್ಲಿ ಯೇಲ್‌ನ ರೆಪರ್ಟರಿ ಥಿಯೇಟರ್‌ನಲ್ಲಿ ಶುರುವಾದ ಇದು 2017ರ ಏಪ್ರಿಲ್‌ನಲ್ಲಿ ಬ್ರಾಡ್‌ವೇಗೆ ಬಂತು. ಟೈಚ್‌ಮನ್‌ಗೆ ಅತ್ಯುತ್ತಮ ನಿರ್ದೇಶನದ ಟೋನಿ ಪ್ರಶಸ್ತಿಯೂ ಸಿಕ್ಕಿತು. ಅದೇ ವರ್ಷ ನವೆಂಬರ್‌ನಲ್ಲಿ ಪಿಬಿಎಸ್ ಟಿವಿಯವರು ರೆಕಾರ್ಡ್ ಮಾಡಿದ ಪ್ರದರ್ಶನವನ್ನು ಪ್ರಸಾರ ಮಾಡಿದರು. ನಾನು ನೋಡಿದ್ದೂ ಆ ರೆಕಾರ್ಡಿಂಗನ್ನೇ, ಹೆಡ್‌ಫೋನ್ ಹಾಕ್ಕೊಂಡು, ಲ್ಯಾಪ್‌ಟಾಪ್‌ನಲ್ಲಿ.

ಸೆನ್ಸಾರ್ ಬಗ್ಗೆ ನಾಟಕ ಅಂದ ತಕ್ಷಣ ನಮ್ಮ ತಲೆಯಲ್ಲಿ ಒಂದು ಚಿತ್ರ ರೆಡಿ ಇರುತ್ತೆ. ಒಂದು ಕಡೆ ಧೈರ್ಯವಂತ ಕಲಾವಿದ, ಇನ್ನೊಂದು ಕಡೆ ಲಾಠಿ ಹಿಡಿದ ಪೊಲೀಸ್. 'ಇಂಡೀಸೆಂಟ್'ನಲ್ಲಿ ಪೊಲೀಸ್ ಬರ್ತಾನೆ ನಿಜ, ಆದರೆ ತುಂಬಾ ತಡವಾಗಿ ಬರ್ತಾನೆ. ಅವನು ಬರೋಷ್ಟರಲ್ಲಿ ನಾಟಕಕ್ಕೆ ಬೀಳಬೇಕಾದ ದೊಡ್ಡ ಕತ್ತರಿ ಬಿದ್ದಾಗಿರುತ್ತೆ. ಅದನ್ನು ಹಿಡಿದವರು ನಾಟಕದವರೇ. ಈ ವಾರ ಬರೀಬೇಕು ಅನ್ನಿಸಿದ್ದು ಈ ಭಾಗದ ಬಗ್ಗೆ.

ಮೇಲೆ ಮನೆ, ಕೆಳಗೆ ದಂಧೆ

ಮೊದಲು ಹಳೇ ನಾಟಕದ ಕಥೆ ಹೇಳಿಬಿಡ್ತೀನಿ. ಬರೆದವನು ಶೋಲೆಮ್ ಆಶ್. ಹುಟ್ಟಿದ್ದು 1880ರಲ್ಲಿ, ಪೋಲೆಂಡಿನ ಕುಟ್ನೋ ಊರಿನಲ್ಲಿ. 'ಸೇಡಿನ ದೇವರು' ಬರೆದಾಗ ವಯಸ್ಸು ಇಪ್ಪತ್ತಾರರ ಆಸುಪಾಸು. ಭಾಷೆ ಯಿದ್ದಿಶ್, ಅಂದರೆ ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಕೇಳೋಕೆ ಜರ್ಮನ್‌ಗೆ ಹತ್ತಿರ, ಬರೆಯೋದು ಹೀಬ್ರೂ ಲಿಪಿಯಲ್ಲಿ. ಎರಡನೇ ಮಹಾಯುದ್ಧಕ್ಕೆ ಮುಂಚೆ ಇದನ್ನು ಮಾತಾಡ್ತಿದ್ದವರು ಒಂದು ಕೋಟಿಗೂ ಹೆಚ್ಚು.

ಕಥೆಯ ನಾಯಕ ಯೆಕೆಲ್. ಮನೆಯ ಕೆಳಗಡೆ ವೇಶ್ಯಾವಾಟಿಕೆ ನಡೆಸ್ತಾನೆ, ಮೇಲ್ಗಡೆ ಹೆಂಡತಿ ಮತ್ತು ಮಗಳು ರಿಫ್ಕೆಲೆ ಜೊತೆ ಸಂಸಾರ. ಮಗಳಿಗೆ ಒಳ್ಳೇ ಮನೆತನದ ಗಂಡು ಸಿಗಬೇಕು, ಕೆಳಗಿನ ಕೊಳಕು ಮೇಲಕ್ಕೆ ತಾಗಬಾರದು. ಅದಕ್ಕಾಗಿ ದುಡ್ಡು ಸುರಿದು, ಕೈಯಲ್ಲೇ ಬರೆಸಿದ ತೋರಾ ಗ್ರಂಥದ ಸುರುಳಿಯನ್ನು ತಂದು ಮಗಳ ಕೋಣೆಯಲ್ಲಿ ಇಡ್ತಾನೆ. ದೇವರಿಗೆ ಲಂಚ ಕೊಟ್ಟ ಹಾಗೆ. ಆದರೆ ರಿಫ್ಕೆಲೆ ಮನಸ್ಸು ಕೊಟ್ಟಿರೋದು ಕೆಳಗಿನ ಮನೆಯಲ್ಲಿರೋ ಮಂಕೆ ಅನ್ನೋ ಹುಡುಗಿಗೆ. ಒಂದು ರಾತ್ರಿ ವಸಂತದ ಮಳೆಯಲ್ಲಿ ಇಬ್ಬರೂ ನೆನೀತಾರೆ, ಮದುವೆ ಹೆಣ್ಣು-ಗಂಡಿನ ಹಾಗೆ ಆಟ ಆಡ್ತಾರೆ, ಕೊನೆಗೆ ಅಲ್ಲಿಂದ ಓಡಿಹೋಗ್ತಾರೆ. ಅಪ್ಪನಿಗೆ ಗೊತ್ತಾಗುತ್ತೆ. ಕೊನೇ ದೃಶ್ಯದಲ್ಲಿ ಅವನು ಹೆಂಡತಿ ಮಗಳನ್ನು ಕೆಳಗಿನ ಮನೆಗೇ ದಬ್ಬಿ, ತೋರಾ ಸುರುಳಿಯನ್ನೂ ಬೇಡ ಅಂತಾನೆ.

ಗಮನಿಸಿ, ನಾಟಕದ ಎಲ್ಲಾ ಸಂಬಂಧಗಳಲ್ಲೂ ವ್ಯಾಪಾರ ಇದೆ. ಅಪ್ಪನಿಗೆ ಮಗಳು ಅಂದರೆ ಮದುವೆಯ ಮಾರ್ಕೆಟ್‌ಗೆ ತಯಾರು ಮಾಡಿದ ಸರಕು. ದೇವರ ಜೊತೆಗಿನ ಸಂಬಂಧವೂ ಕೊಡು-ಕೊಳ್ಳು ಲೆಕ್ಕವೇ. ಲೆಕ್ಕ ಇಲ್ಲದ ಒಂದೇ ಒಂದು ಸಂಬಂಧ ಅಂದರೆ ಮಳೆಯಲ್ಲಿ ನಿಂತ ಆ ಇಬ್ಬರು ಹುಡುಗಿಯರದ್ದು. ಇಡೀ ನಾಟಕದಲ್ಲಿ ಕಳಂಕ ಇಲ್ಲದ ಜಾಗ ಇದ್ದರೆ ಅದೊಂದೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

'ನಮ್ಮ ಮನೆ ವಿಷಯ ಹೊರಗೆ ಯಾಕೆ?'

'ಇಂಡೀಸೆಂಟ್'ನ ಮೊದಲ ಭಾಗದಲ್ಲೇ ಆಶ್ ತನ್ನ ಹಸ್ತಪ್ರತಿಯನ್ನು ವಾರ್ಸಾದಲ್ಲಿ ಹಿರಿಯ ಸಾಹಿತಿ ಐ. ಎಲ್. ಪೆರೆಟ್ಸ್ ಮನೆಗೆ ತಗೊಂಡು ಹೋಗ್ತಾನೆ. ಅಲ್ಲಿ ಸೇರಿದ ಗಂಡಸರೆಲ್ಲ ಪಾತ್ರ ಹಂಚಿಕೊಂಡು ಓದ್ತಾರೆ. ಹುಡುಗಿಯರ ಮಾತು ಓದೋ ಹೊತ್ತಿಗೆ ಒಬ್ಬೊಬ್ಬರಿಗೂ ಮುಜುಗರ. ಪೆರೆಟ್ಸ್ ಇದನ್ನು ಸುಟ್ಟುಹಾಕು ಅಂತ ಸಲಹೆ ಕೊಟ್ಟರು ಅನ್ನೋದು ಯಿದ್ದಿಶ್ ಸಾಹಿತ್ಯ ವಲಯದಲ್ಲಿ ಇವತ್ತಿಗೂ ಓಡಾಡೋ ಕಥೆ.

ಪೆರೆಟ್ಸ್ ಸಣ್ಣ ಮನುಷ್ಯ ಅಲ್ಲ, ಆಧುನಿಕ ಯಿದ್ದಿಶ್ ಸಾಹಿತ್ಯದ ಮೂವರು ಹಿರಿಯರಲ್ಲಿ ಒಬ್ಬರು. ಅವರ ಭಯಕ್ಕೆ ಕಾರಣವೂ ಇತ್ತು. ರಷ್ಯಾ ಸಾಮ್ರಾಜ್ಯದಲ್ಲಿ ಆಗ ಯಹೂದಿಗಳ ಮೇಲೆ ದೊಂಬಿ, ಕೊಲೆ ನಡೀತಿದ್ದ ಕಾಲ. 1903ರಲ್ಲಿ ಕಿಶಿನೇವ್, 1905ರಲ್ಲಿ ಒಡೆಸ್ಸಾ. ಮೊದಲೇ ನಮ್ಮನ್ನು ಕಂಡರೆ ಆಗದ ಜನರ ಮುಂದೆ, ವೇಶ್ಯಾವಾಟಿಕೆ ನಡೆಸೋ ಯಹೂದಿ, ತೋರಾವನ್ನೇ ಎಸೆಯೋ ಯಹೂದಿ, ಇಂಥವರನ್ನು ನಾವೇ ತೋರಿಸಬೇಕಾ? ಶತ್ರುಗಳ ಕೈಗೆ ನಾವೇ ಕಲ್ಲು ಕೊಟ್ಟ ಹಾಗಲ್ವಾ?

ಈ ಪ್ರಶ್ನೆ ನಮಗೂ ಅಪರಿಚಿತ ಅಲ್ಲ. ಮನೆಯಲ್ಲಿ, ಊರಲ್ಲಿ, ಜಾತಿಯಲ್ಲಿ, ಎಲ್ಲಾ ಕಡೆ ಕೇಳಿದ್ದೇವೆ. 'ಇದ್ರೂ ಇರಬಹುದಪ್ಪಾ, ಆದ್ರೆ ನಾಲ್ಕು ಜನರ ಮುಂದೆ ಯಾಕೆ ಹೇಳಬೇಕು?' ವೋಗೆಲ್ ಈ ಮಾತನ್ನು ಗೇಲಿ ಮಾಡಲ್ಲ. ಭಯಪಡೋರನ್ನು ಮೂರ್ಖರ ಹಾಗೆ ಚಿತ್ರಿಸೋದು ಸುಲಭ ಇತ್ತು. ಅವರು ಆ ದಾರಿ ಹಿಡಿಯದೇ ಇದ್ದದ್ದರಿಂದಲೇ ನಾಟಕಕ್ಕೆ ತೂಕ ಬಂದಿದೆ.

ಆಶ್ ಸುಡಲಿಲ್ಲ. 1907ರಲ್ಲಿ ಬರ್ಲಿನ್‌ನಲ್ಲಿ, ಮ್ಯಾಕ್ಸ್ ರೈನ್‌ಹಾರ್ಟ್‌ರ ಥಿಯೇಟರ್‌ನಲ್ಲಿ ನಾಟಕ ರಂಗಕ್ಕೆ ಬಂತು. ರುಡಾಲ್ಫ್ ಶಿಲ್ಡ್‌ಕ್ರೌಟ್ ಅನ್ನೋ ದೊಡ್ಡ ನಟ ಯೆಕೆಲ್ ಪಾತ್ರ ಮಾಡಿದ. ಅಲ್ಲಿಂದ ನಾಟಕ ಊರೂರು ಸುತ್ತಿತು. 'ಇಂಡೀಸೆಂಟ್' ಈ ಓಡಾಟವನ್ನು ತೋರಿಸೋ ರೀತಿ ಚೆನ್ನಾಗಿದೆ. ಕೊನೇ ದೃಶ್ಯದ ಆ ಒಂದು ತುಣುಕನ್ನೇ ಮತ್ತೆ ಮತ್ತೆ ಆಡ್ತಾರೆ, ಹಿಂದಿನ ಪರದೆಯಲ್ಲಿ ಊರಿನ ಹೆಸರು ಮಾತ್ರ ಬದಲಾಗ್ತಾ ಹೋಗುತ್ತೆ. ಎರಡು ಮೂರು ನಿಮಿಷದಲ್ಲಿ ಯುರೋಪೆಲ್ಲ ದಾಟಿ ಅಮೆರಿಕಕ್ಕೆ ಬಂದುಬಿಡ್ತೀವಿ.

ಒಂದೇ ಬಾಯಿ, ಎರಡು ಭಾಷೆ

ಇಲ್ಲಿ ವೋಗೆಲ್ ಮಾಡಿರೋ ಒಂದು ಉಪಾಯ ಹೇಳಲೇಬೇಕು. ಪಾತ್ರಗಳು ತಮ್ಮ ತಮ್ಮಲ್ಲಿ ಯಿದ್ದಿಶ್ ಮಾತಾಡ್ತಿವೆ ಅನ್ನೋವಾಗ ನಟರು ಸಲೀಸಾದ, ಸೊಗಸಾದ ಇಂಗ್ಲಿಷ್‌ನಲ್ಲಿ ಮಾತಾಡ್ತಾರೆ. ಅದೇ ಪಾತ್ರಗಳು ಅಮೆರಿಕಕ್ಕೆ ಬಂದು ಇಂಗ್ಲಿಷ್ ಮಾತಾಡೋವಾಗ ಮಾತು ತಡವರಿಸುತ್ತೆ, ಉಚ್ಚಾರ ಒರಟಾಗುತ್ತೆ. ಈಗ ಯಾವ ಭಾಷೆ ಅನ್ನೋದನ್ನು ಪರದೆ ಹೇಳುತ್ತೆ. ಒಬ್ಬನೇ ಮನುಷ್ಯ, ಒಂದು ನಿಮಿಷದ ಹಿಂದೆ ಕವಿ, ಈಗ ಬೆಪ್ಪನ ಹಾಗೆ ಕಾಣ್ತಾನೆ. ಊರಲ್ಲಿ ಚಟಪಟ ಮಾತಾಡೋ ಹುಡುಗ ಮೊದಲ ಕ್ಲೈಂಟ್ ಕಾಲ್‌ನಲ್ಲಿ ಎರಡು ವಾಕ್ಯಕ್ಕೆ ಬೆವರೋದನ್ನು ನಾವು ದಿನಾ ನೋಡ್ತೀವಲ್ಲ, ಅದಕ್ಕೇ ಈ ಭಾಗ ನಮಗೆ ಬೇಗ ತಟ್ಟುತ್ತೆ.

ಈ ಉಪಾಯದಿಂದಲೇ ಕಥೆಯ ದೊಡ್ಡ ತಿರುವೂ ಬರುತ್ತೆ. ನ್ಯೂಯಾರ್ಕ್‌ನಲ್ಲೇ ಈ ನಾಟಕ ಯಿದ್ದಿಶ್‌ನಲ್ಲಿ 1907ರಲ್ಲೇ ಆಡಿತ್ತು. ಯಿದ್ದಿಶ್ ಪತ್ರಿಕೆಗಳಲ್ಲಿ ಜಗಳ ಆಯ್ತು, ಆದರೆ ಯಾರೂ ಜೈಲಿನ ಬಾಗಿಲಿಗೆ ಹೋಗಲಿಲ್ಲ. ಐಸಾಕ್ ಗೋಲ್ಡ್‌ಬರ್ಗ್ 1918ರಲ್ಲಿ ಇಂಗ್ಲಿಷ್‌ಗೆ ಅನುವಾದ ಮಾಡಿದ. 1922ರ ಡಿಸೆಂಬರ್‌ನಲ್ಲಿ ಗ್ರೀನಿಚ್ ವಿಲೇಜ್‌ನ ಪುಟ್ಟ ಪ್ರಾವಿನ್ಸ್‌ಟೌನ್ ಪ್ಲೇಹೌಸ್‌ನಲ್ಲಿ ಇಂಗ್ಲಿಷ್ ಪ್ರದರ್ಶನ ಶುರುವಾಯ್ತು. ಆಗಲೂ ಕೇಸ್ ಆಗಲಿಲ್ಲ. 1923ರ ಫೆಬ್ರವರಿಯಲ್ಲಿ ದೊಡ್ಡ ಬ್ರಾಡ್‌ವೇ ಥಿಯೇಟರ್‌ಗೆ ಹೋಯ್ತು ನೋಡಿ, ಮೂರು ವಾರದೊಳಗೆ ಪೊಲೀಸ್ ಬಂದ. ಒಳಮನೆಯಲ್ಲಿ ಆಡಿದ ಮಾತನ್ನೇ ಬೀದಿಯಲ್ಲಿ, ಎಲ್ಲರ ಭಾಷೆಯಲ್ಲಿ ಆಡಿದಾಗ ಕೇಸ್ ಬಿತ್ತು.

ಎರಡು ವರ್ಷನ್‌ಗಳ ನಡುವೆ

ಬ್ರಾಡ್‌ವೇಗೆ ಹೋಗೋ ಮುಂಚೆ ಏನಾಯ್ತು ಅನ್ನೋದೇ ಮುಖ್ಯ. ದೊಡ್ಡ ಥಿಯೇಟರ್ ಅಂದರೆ ದೊಡ್ಡ ಬಾಡಿಗೆ, ಬೇರೆ ಥರದ ಪ್ರೇಕ್ಷಕರು. ತೊಂದರೆ ಬರಬಾರದು ಅಂತ ಪಠ್ಯವನ್ನು ತಿದ್ದಿದರು. ತಿದ್ದುಪಡಿ ಬಿದ್ದದ್ದು ಆ ಮಳೆಯ ರಾತ್ರಿಯ ಮೇಲೆ. ಹುಡುಗಿಯರ ಪ್ರೀತಿಯ ಮಾತುಗಳು ಹೋದವು. ಉಳಿದ ಪಠ್ಯದಲ್ಲಿ ಮಂಕೆ ಬೇರೆಯದೇ ಪಾತ್ರ ಆಗಿಬಿಟ್ಟಳು. ರಿಫ್ಕೆಲೆಯನ್ನು ಮನಸಾರೆ ಬಯಸೋ ಹುಡುಗಿ, ಈಗ ಅವಳನ್ನು ದಂಧೆಗೆ ಸೆಳೆಯೋ ದಲ್ಲಾಳಿಯ ಹಾಗೆ ಕಾಣಿಸಿದಳು.

ನಮ್ಮ ಕೆಲಸದಲ್ಲಿ ಹಳೇ ಕೋಡ್ ಮತ್ತು ಹೊಸ ಕೋಡ್ ಅಕ್ಕಪಕ್ಕ ಇಟ್ಟು ನೋಡೋ ಟೂಲ್ ಇರುತ್ತೆ. ತೆಗೆದ ಸಾಲು ಕೆಂಪಲ್ಲಿ, ಸೇರಿಸಿದ ಸಾಲು ಹಸಿರಲ್ಲಿ. ಆದರೆ ಅದರಲ್ಲಿ ಕಾಣಿಸದ ಒಂದು ವಿಷಯ ಇದೆ, ಎಲ್ಲಾ ಎಂಜಿನಿಯರ್‌ಗಳಿಗೂ ಗೊತ್ತಿರೋದು. ಹತ್ತು ಸಾಲು ತೆಗೆದರೆ, ಯಾರೂ ಮುಟ್ಟದೇ ಬಿಟ್ಟ ನೂರು ಸಾಲಿನ ನಡವಳಿಕೆಯೂ ಬದಲಾಗಬಹುದು. 'ಸೇಡಿನ ದೇವರು'ಗೆ ಆಗಿದ್ದು ಅದೇ. ಮುತ್ತು ಉಳೀತು, ವೇಶ್ಯಾವಾಟಿಕೆ ಉಳೀತು, ಓಡಿಹೋಗೋದು ಉಳೀತು. ಇವೆಲ್ಲಕ್ಕೂ ಅರ್ಥ ಕೊಡ್ತಿದ್ದ ಪ್ರೀತಿ ಹೋಯ್ತು. ಸಭ್ಯ ಮಾಡೋಕೆ ಅಂತ ಕತ್ತರಿಸಿದರು, ನಾಟಕ ಮೊದಲಿಗಿಂತ ಅಸಭ್ಯ ಆಯ್ತು.

ಆಮೇಲೆ ಕೋರ್ಟ್ ನೋಡಿದ್ದು ಈ ಕತ್ತರಿಸಿದ ನಾಟಕವನ್ನು. ಕೊಳಕು ಬಿಟ್ಟು ಇದರಲ್ಲಿ ಇನ್ನೇನಿದೆ ಅಂತ ಯಾರಾದರೂ ಕೇಳಿದರೆ, ಉತ್ತರ ಕೊಡೋ ದೃಶ್ಯವನ್ನೇ ನಾಟಕದವರು ತಾವಾಗಿ ತೆಗೆದುಹಾಕಿದ್ದರು.

ಈ ತಿದ್ದುಪಡಿಗೆ ಆಶ್ ಹೇಗೆ ಒಪ್ಪಿದ? 'ಇಂಡೀಸೆಂಟ್' ಕೊಡೋ ಉತ್ತರ ಎದೆಗೆ ನಾಟುತ್ತೆ. ಅವನಿಗೆ ಇಂಗ್ಲಿಷ್ ಅಷ್ಟಾಗಿ ಬರ್ತಿರಲಿಲ್ಲ, ಏನು ಕತ್ತರಿಸಿದ್ದಾರೆ ಅಂತ ಸರಿಯಾಗಿ ಓದದೇ ಹೂಂ ಅಂದ. ಓದೋಕೆ ಆಗಲಿಲ್ಲ ಅಂತ ಹೇಳಿಕೊಳ್ಳೋಕೂ ನಾಚಿಕೆ. ಯಿದ್ದಿಶ್‌ನ ದೊಡ್ಡ ಲೇಖಕ, ತನ್ನದೇ ನಾಟಕದ ಇಂಗ್ಲಿಷ್ ಪ್ರತಿಯ ಮುಂದೆ ಅನಕ್ಷರಸ್ಥ. ಅದೇ ತಂಡದಲ್ಲಿ ರಿಫ್ಕೆಲೆ ಪಾತ್ರ ಮಾಡ್ತಿದ್ದ ನಟಿಯೂ ಇಂಗ್ಲಿಷ್ ಉಚ್ಚಾರ ಸರಿ ಇಲ್ಲ ಅಂತ ಪಾತ್ರ ಕಳಕೊಳ್ತಾಳೆ, ಅವಳ ಜಾಗಕ್ಕೆ ಅಮೆರಿಕನ್ ಹುಡುಗಿ ಬರ್ತಾಳೆ. ಪೊಲೀಸ್ ಇನ್ನೂ ಬಂದಿಲ್ಲ, ಅಷ್ಟರಲ್ಲೇ ನಾಟಕ ಎಷ್ಟು ಕಳಕೊಂಡಿದೆ ನೋಡಿ.

ಕೋರ್ಟು, ದಂಡ, ತೀರ್ಪು

ದೂರು ಕೊಟ್ಟವರು ಯಹೂದಿ ದ್ವೇಷಿಗಳು ಅಂದುಕೊಂಡರೆ ತಪ್ಪು. ನ್ಯೂಯಾರ್ಕ್‌ನ ದೊಡ್ಡ ಸಿನಗಾಗ್ ಟೆಂಪಲ್ ಎಮಾನು-ಎಲ್‌ನ ರಬ್ಬಿ ಜೋಸೆಫ್ ಸಿಲ್ವರ್‌ಮನ್ ಈ ನಾಟಕದ ವಿರುದ್ಧ ಮುಂದೆ ನಿಂತವರು. ಪೆರೆಟ್ಸ್‌ಗಿದ್ದ ಭಯವೇ ಇಲ್ಲೂ ಇತ್ತು. ಆಗ ಅಮೆರಿಕದಲ್ಲಿ ವಲಸಿಗರ ವಿರುದ್ಧ ಗಾಳಿ ಬೀಸ್ತಿತ್ತು. 1921ರಲ್ಲಿ ಒಂದು ಮಿತಿ ಬಂದಿತ್ತು, 1924ರಲ್ಲಿ ಇನ್ನೂ ಬಿಗಿಯಾದ ವಲಸೆ ಕಾಯ್ದೆ ಬಂದು ಪೂರ್ವ ಯುರೋಪಿನ ಯಹೂದಿಗಳಿಗೆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿತು. ಮರ್ಯಾದೆಯಿಂದ ಇದ್ದರೆ ನಮ್ಮನ್ನು ಒಳಗೆ ಬಿಟ್ಟುಕೊಳ್ತಾರೆ ಅಂತ ನಂಬಿದವರಿಗೆ ಈ ನಾಟಕ ಮಾನ ಕಳೆಯೋ ಹಾಗೆ ಕಂಡಿತು.

ನಿರ್ಮಾಪಕ ಹ್ಯಾರಿ ವೈನ್‌ಬರ್ಗರ್ ಸ್ವತಃ ವಕೀಲ, ವಾಕ್ ಸ್ವಾತಂತ್ರ್ಯದ ಕೇಸುಗಳಲ್ಲಿ ಹೆಸರು ಮಾಡಿದವನು. ಆದರೂ ವಿಚಾರಣೆಯಲ್ಲಿ ಸೋಲಾಯ್ತು. ವೈನ್‌ಬರ್ಗರ್‌ಗೂ ಶಿಲ್ಡ್‌ಕ್ರೌಟ್‌ಗೂ ತಲಾ 200 ಡಾಲರ್ ದಂಡ, ಉಳಿದವರಿಗೆ ಶಿಕ್ಷೆ ಅಮಾನತು. ವೈನ್‌ಬರ್ಗರ್ ಬಿಡಲಿಲ್ಲ, ಮೇಲ್ಮನವಿ ಹೋದ. 1925ರಲ್ಲಿ ನ್ಯೂಯಾರ್ಕ್‌ನ ಅತ್ಯುನ್ನತ ನ್ಯಾಯಾಲಯ ಶಿಕ್ಷೆಯನ್ನು ರದ್ದು ಮಾಡಿತು. ಗೆದ್ದರು ಅನ್ನಬಹುದು, ಆದರೆ ಅಷ್ಟೊತ್ತಿಗೆ ಆ ಪ್ರದರ್ಶನ ಮುಗಿದುಹೋಗಿತ್ತು. ರಂಗಭೂಮಿಯ ಮಟ್ಟಿಗೆ ತಡವಾದ ನ್ಯಾಯಕ್ಕೆ ಬೆಲೆ ಕಮ್ಮಿ. ಪುಸ್ತಕವಾದರೆ ಕಪಾಟಿನಲ್ಲಿ ಕಾಯಬಹುದು, ಸೆಟ್ ಬಿಚ್ಚಿ ತಂಡ ಚದುರಿದ ಮೇಲೆ ನಾಟಕ ಕಾಯೋದಿಲ್ಲ.

ಭಯ ಮಾತ್ರ ಕಾನೂನಾಗಿ ಬೆಳೀತು. 1927ರಲ್ಲಿ ಇಬ್ಬರು ಹೆಂಗಸರ ಸಂಬಂಧದ ಕಥೆಯಿದ್ದ 'ದಿ ಕ್ಯಾಪ್ಟಿವ್' ನಾಟಕದ ಮೇಲೆ, ಜೊತೆಗೆ ಮೇ ವೆಸ್ಟ್ ನಟಿಸಿದ್ದ 'ಸೆಕ್ಸ್' ನಾಟಕದ ಮೇಲೆ ಪೊಲೀಸರು ದಾಳಿ ಮಾಡಿದರು. ಅದೇ ವರ್ಷ 'ವೇಲ್ಸ್ ಪ್ಯಾಡ್‌ಲಾಕ್' ಅನ್ನೋ ಕಾಯ್ದೆ ಬಂತು. ಹೆಸರೇ ಹೇಳೋ ಹಾಗೆ ಬೀಗ. ಸಲಿಂಗ ಪ್ರೇಮವನ್ನು ರಂಗದ ಮೇಲೆ ತಂದರೆ ಕೇಸ್, ಶಿಕ್ಷೆ ಆದರೆ ಥಿಯೇಟರ್‌ಗೇ ಒಂದು ವರ್ಷದವರೆಗೆ ಬೀಗ. ಈ ಕಾಯ್ದೆ 1967ರವರೆಗೂ ಪುಸ್ತಕದಲ್ಲಿತ್ತು. ಥಿಯೇಟರ್‌ಗೇ ಬೀಗ ಬೀಳುತ್ತೆ ಅಂದಾಗ ಯಾವ ಮಾಲೀಕ ಧೈರ್ಯ ಮಾಡ್ತಾನೆ? ಪೊಲೀಸ್ ಬರೋ ಅಗತ್ಯವೇ ಇಲ್ಲ, ಸ್ಕ್ರಿಪ್ಟ್ ಓದೋ ಟೇಬಲ್‌ನಲ್ಲೇ ಕೆಲಸ ಮುಗಿದಿರುತ್ತೆ.

ಲೆಮೆಲ್ ಹೊತ್ತುಕೊಂಡ ಹಸ್ತಪ್ರತಿ

ಈ ದೊಡ್ಡವರೆಲ್ಲರ ನಡುವೆ ವೋಗೆಲ್ ಒಬ್ಬ ಸಾಧಾರಣ ಮನುಷ್ಯನನ್ನು ನಿಲ್ಲಿಸಿದ್ದಾರೆ, ಲೆಮೆಲ್. ಹಳ್ಳಿಯ ದರ್ಜಿ. ಪೆರೆಟ್ಸ್ ಮನೆಯ ಆ ಓದಿಗೆ ಆಕಸ್ಮಿಕವಾಗಿ ಬಂದು, ಅದಕ್ಕೆ ಮುಂಚೆ ನಾಟಕವನ್ನೇ ನೋಡಿರದವನು, ಇದನ್ನು ಕೇಳಿ ಮನಸೋತುಬಿಡ್ತಾನೆ. ಮುಂದೆ ತಂಡದ ಸ್ಟೇಜ್ ಮ್ಯಾನೇಜರ್ ಆಗಿ ಬದುಕೆಲ್ಲ ಅದರ ಹಿಂದೆ ಹೋಗ್ತಾನೆ. ಇದು ವೋಗೆಲ್ ಕಲ್ಪಿಸಿದ ಪಾತ್ರ. ಆದರೆ ಕಥೆ ನಮಗೆ ಹೇಳೋನು ಅವನೇ.

ಕೇಸ್ ನಡೆಯೋವಾಗ ಆಶ್ ಕೋರ್ಟಿಗೆ ಬರಲ್ಲ. ನಾಟಕದಲ್ಲಿ ಅದಕ್ಕೆ ಕಾರಣ ಇದೆ. ಯುರೋಪಿಗೆ ಹೋಗಿ ಅಲ್ಲಿನ ಹಿಂಸೆಯನ್ನು ಕಣ್ಣಾರೆ ನೋಡಿ ಬಂದವನು ಒಳಗೊಳಗೇ ಕುಸಿದಿದ್ದಾನೆ, ಮನೆ ಬಿಟ್ಟು ಹೊರಗೆ ಬರ್ತಿಲ್ಲ. ಲೆಮೆಲ್‌ಗೆ ಅದು ಅರ್ಥ ಆಗಲ್ಲ. ತಾನು ಪೂಜಿಸಿದ ಮನುಷ್ಯ, ತನ್ನ ನಟರು ಕಟಕಟೆಯಲ್ಲಿ ನಿಂತಾಗ ಮನೆಯಲ್ಲಿ ಕೂತಿದ್ದಾನೆ. ಕತ್ತರಿಸಿದ ಸಾಲುಗಳನ್ನು ಓದಿರಲೂ ಇಲ್ಲ ಅಂತ ಗೊತ್ತಾದಾಗ ಇಬ್ಬರ ನಡುವೆ ಏನೋ ಮುರಿದುಬೀಳುತ್ತೆ. ತನ್ನ ಮಾತಿನ ಧಾಟಿಗೆ ನಗೋ ಈ ದೇಶ ಸಾಕು ಅಂತ ಲೆಮೆಲ್ ಯಿದ್ದಿಶ್ ಹಸ್ತಪ್ರತಿ ಹಿಡ್ಕೊಂಡು ಪೋಲೆಂಡಿಗೆ ವಾಪಸ್ ಹೊರಡ್ತಾನೆ. ನೋಡ್ತಾ ಕೂತ ನಮಗೆ ಮುಂದೇನು ಅಂತ ಗೊತ್ತು, ಅವನಿಗೆ ಗೊತ್ತಿಲ್ಲ.

ಮುಂದೆ ಲಾಡ್ಜ್ ಗೆಟ್ಟೊ. ನಾಜಿಗಳು ಯಹೂದಿಗಳನ್ನು ಬೇಲಿಯೊಳಗೆ ಕೂಡಿಹಾಕಿದ ಊರು. ಅಲ್ಲಿ ಒಂದು ಅಟ್ಟದ ಮೇಲೆ ಲೆಮೆಲ್‌ನ ತಂಡ ನಾಟಕ ಆಡುತ್ತೆ, ಒಂದು ವಾರಕ್ಕೆ ಒಂದೇ ಅಂಕ. ಹೊಟ್ಟೆಗಿಲ್ಲದ ಪ್ರೇಕ್ಷಕರು ತಮ್ಮಲ್ಲಿದ್ದ ಒಂದಿಷ್ಟು ತಿನಿಸು ಕೊಟ್ಟು ನೋಡ್ತಾರೆ. ಈ ಪ್ರಸಂಗವೂ ವೋಗೆಲ್ ಕಲ್ಪನೆಯೇ, ಆದರೆ ಗೆಟ್ಟೊಗಳಲ್ಲಿ ಯಹೂದಿಗಳು ನಾಟಕ, ಸಂಗೀತ ನಡೆಸಿದ್ದು ನಿಜ. ಬ್ರಾಡ್‌ವೇಯಲ್ಲಿ ಕತ್ತರಿಸಿದ ಮಳೆ ದೃಶ್ಯ ಈ ಅಟ್ಟದ ಮೇಲೆ ಪೂರ್ತಿ ಉಳಿದಿದೆ.

ಇಲ್ಲಿ ನನಗೆ ಪೆರೆಟ್ಸ್ ಭಯ ಮತ್ತೆ ನೆನಪಾಯ್ತು. ನಾವು ಕೆಟ್ಟದಾಗಿ ಕಂಡರೆ ನಮ್ಮನ್ನು ಹೊಡೀತಾರೆ ಅನ್ನೋ ಭಯ. 60 ಲಕ್ಷ ಯಹೂದಿಗಳನ್ನು ಕೊಂದವರು ಯಾವ ನಾಟಕವನ್ನೂ ನೋಡಿ ತೀರ್ಮಾನ ಮಾಡಲಿಲ್ಲ. ಸಭ್ಯವಾಗಿ ಬದುಕಿದವರನ್ನೂ ಕೊಂದರು, ಕೆಳಗಿನ ಮನೆಯವರನ್ನೂ ಕೊಂದರು. ಒಳ್ಳೆಯವರ ಹಾಗೆ ಕಾಣಿಸಿಕೊಂಡರೆ ಬದುಕಬಹುದು ಅನ್ನೋ ಒಪ್ಪಂದ ಇನ್ನೊಂದು ಕಡೆಯವರ ಮನಸ್ಸಿನಲ್ಲಿ ಇರಲೇ ಇಲ್ಲ.

ಆದರೂ ಕೊನೇ ಬೀಗ ಹಾಕಿದವನು ಆಶ್. ಯುದ್ಧ ಮುಗಿದ ಮೇಲೆ, 1946ರಲ್ಲಿ, ಇನ್ಮುಂದೆ ಈ ನಾಟಕ ಆಡೋದು ಬೇಡ ಅಂತ ತಡೆದುಬಿಟ್ಟ. ಇದನ್ನು ಹೇಡಿತನ ಅನ್ನೋಕೆ ನನಗೆ ಮನಸ್ಸು ಬರಲ್ಲ. ಅಷ್ಟು ಜನ ಸತ್ತ ಮೇಲೆ ಅವರಲ್ಲೊಬ್ಬನನ್ನು ವೇಶ್ಯಾವಾಟಿಕೆಯ ಮಾಲೀಕನಾಗಿ ರಂಗದ ಮೇಲೆ ನಿಲ್ಲಿಸೋದು ಅವನಿಂದ ಆಗಲಿಲ್ಲ. ಆದರೆ ಒಂದು ಮಾತು ನಿಜ. ಪೆರೆಟ್ಸ್, ರಬ್ಬಿ, ಪೊಲೀಸ್, ಜ್ಯೂರಿ ಯಾರಿಂದಲೂ ಪೂರ್ತಿ ನಿಲ್ಲಿಸೋಕೆ ಆಗದ ನಾಟಕವನ್ನು ನಿಲ್ಲಿಸಿದ್ದು ಬರೆದವನ ಕೈ.

ಬೂದಿ ಮತ್ತು ಮಳೆ

ನಾಟಕವಾಗಿ 'ಇಂಡೀಸೆಂಟ್' ಹೇಗಿದೆ? ಮಧ್ಯಂತರ ಇಲ್ಲ, ಸುಮಾರು ಒಂದೂಮುಕ್ಕಾಲು ಗಂಟೆ. ಏಳು ನಟರು, ಮೂವರು ವಾದ್ಯಗಾರರು, ಒಂದಷ್ಟು ಕುರ್ಚಿ, ಸೂಟ್‌ಕೇಸ್, ಅಷ್ಟೇ. ಆ ಏಳು ಜನರೇ ಹತ್ತಾರು ಪಾತ್ರ ಮಾಡ್ತಾರೆ. ಶುರುವಿನಲ್ಲಿ ಸಾಲಾಗಿ ಕೂತಿದ್ದ ನಟರು ಎದ್ದು ತೋಳು ಚಾಚಿದಾಗ ಅಂಗಿಯ ತೋಳಿನಿಂದ ಬೂದಿ ಸುರಿಯುತ್ತೆ. ಯಾಕೆ ಅಂತ ಆಗ ಯಾರೂ ವಿವರಿಸಲ್ಲ. ಕೊನೆಗೆ ತಾನಾಗಿ ಅರ್ಥ ಆಗುತ್ತೆ. ಇಡೀ ನಾಟಕದಲ್ಲಿ ಆ ಮಳೆ ದೃಶ್ಯವನ್ನು ನಮಗೆ ತುಣುಕು ತುಣುಕಾಗಿ ಮಾತ್ರ ತೋರಿಸ್ತಾರೆ. ಕಟ್ಟಕಡೆಗೆ ರಂಗದ ಮೇಲೆ ನಿಜವಾದ ನೀರು ಸುರಿಯುತ್ತೆ, ಇಬ್ಬರು ಹುಡುಗಿಯರು ಬಿಳಿ ಬಟ್ಟೆಯಲ್ಲಿ ನೆನೀತಾರೆ, ಮಾತೆಲ್ಲ ಯಿದ್ದಿಶ್‌ನಲ್ಲೇ. ಆ ಭಾಷೆಯ ಒಂದು ಪದ ಗೊತ್ತಿಲ್ಲದ ನನಗೆ ಯಾವ ಮಾತೂ ತಪ್ಪಿಹೋಯ್ತು ಅನ್ನಿಸಲಿಲ್ಲ.

ದೂರು ಇಲ್ಲ ಅಂತಲ್ಲ. ವೋಗೆಲ್‌ಗೆ ಆ ದೃಶ್ಯದ ಮೇಲೆ ಎಷ್ಟು ಪ್ರೀತಿ ಅಂದರೆ ಹಳೇ ನಾಟಕದ ಉಳಿದ ಭಾಗ ಮಸುಕಾಗುತ್ತೆ. ದೇವರ ಜೊತೆ ವ್ಯಾಪಾರಕ್ಕಿಳಿದ ಅಪ್ಪನ ಸಿಟ್ಟು, ಅವನ ಆಷಾಢಭೂತಿತನ, ಅದೂ ಆಶ್ ನಾಟಕದ ಬೆನ್ನೆಲುಬು. 'ಇಂಡೀಸೆಂಟ್' ಮಾತ್ರ ನೋಡಿದವರಿಗೆ ಅದೊಂದು ಪ್ರೇಮಕಥೆ ಅಷ್ಟೇ ಅನ್ನಿಸಬಹುದು. ಇತಿಹಾಸ ಯಾವುದು, ಕಲ್ಪನೆ ಯಾವುದು ಅನ್ನೋ ಗೆರೆಯೂ ಕೆಲವು ಕಡೆ ಕಾಣಲ್ಲ. ನೋಡಿದ ಮೇಲೆ ಮೂಲ ನಾಟಕದ ಅನುವಾದವನ್ನೂ ಒಮ್ಮೆ ಓದಿದರೆ ಒಳ್ಳೇದು.

ಮತ್ತೆ ಅದೇ ಕಥೆ, 2023ರಲ್ಲಿ

ಇದೆಲ್ಲ ಹಳೇ ಕಾಲದ ವಿಷಯ ಅಂತ ಅಂದುಕೊಂಡರೆ ಇದನ್ನು ಕೇಳಿ. 2023ರ ಜನವರಿಯಲ್ಲಿ ಅಮೆರಿಕದ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಡಗ್ಲಸ್ ಆಂಡರ್ಸನ್ ಕಲಾ ಶಾಲೆಯ ವಿದ್ಯಾರ್ಥಿಗಳು 'ಇಂಡೀಸೆಂಟ್' ಆಡೋಕೆ ತಯಾರಿ ನಡೆಸಿದ್ದರು. ಶಾಲಾ ಆಡಳಿತ ಅದನ್ನು ರದ್ದು ಮಾಡಿತು. ವಯಸ್ಕರ ವಿಷಯ ಇದೆ, ವಿದ್ಯಾರ್ಥಿಗಳಿಗೆ ಸೂಕ್ತ ಅಲ್ಲ ಅನ್ನೋದು ಕೊಟ್ಟ ಕಾರಣ. ಶಾಲೆಗಳಲ್ಲಿ ಲೈಂಗಿಕತೆಯ ಚರ್ಚೆಗೆ ಮಿತಿ ಹಾಕಿದ 2022ರ ರಾಜ್ಯ ಕಾನೂನಿನ ನೆರಳು ಇದು ಅಂತ ವಿದ್ಯಾರ್ಥಿಗಳು ದೂರಿದರು, ಆಡಳಿತ ಹಾಗಲ್ಲ ಅಂದಿತು. ನಾಟಕದ ಸೆನ್ಸಾರ್ ಬಗ್ಗೆ ಇರೋ ನಾಟಕಕ್ಕೇ ಸೆನ್ಸಾರ್.

ಬದಲಿಗೆ ಆರಿಸಿದ್ದು ಚೆಕಾಫ್‌ನ 'ದಿ ಸೀಗಲ್'. ಕೊನೆಯಲ್ಲಿ ಯುವಕನೊಬ್ಬ ಗುಂಡು ಹಾರಿಸಿಕೊಂಡು ಸಾಯೋ ನಾಟಕ. ಮಕ್ಕಳಿಗೆ ಅದು ಪರವಾಗಿಲ್ಲ, ಮಳೆಯಲ್ಲಿ ನೆನೆಯೋ ಇಬ್ಬರು ಹುಡುಗಿಯರು ಮಾತ್ರ ಕಷ್ಟ!

ನಮ್ಮ ಕಡೆಯೂ ಈ ಜಾತಿಯ ನಾಟಕ ಇದೆ. ವಿಜಯ್ ತೆಂಡೂಲ್ಕರ್ ಅವರ 'ಸಖಾರಾಮ್ ಬೈಂಡರ್' 1972ರಲ್ಲಿ ಮುಂಬೈಯಲ್ಲಿ ಸೆನ್ಸಾರ್ ಮಂಡಳಿಗೆ ಸಿಕ್ಕಿ ಒದ್ದಾಡಿತು. ನಿರ್ದೇಶಕ ಕಮಲಾಕರ್ ಸಾರಂಗ್ ಕೋರ್ಟಿಗೆ ಹೋಗಿ ಗೆದ್ದರು. ಆ ಹೋರಾಟವನ್ನೇ ಇಟ್ಟುಕೊಂಡು ಸುನಿಲ್ ಶಾನಭಾಗ್ 2009ರಲ್ಲಿ 'ಸೆಕ್ಸ್, ಮೊರಾಲಿಟಿ ಅಂಡ್ ಸೆನ್ಸಾರ್‌ಶಿಪ್' ಅನ್ನೋ ನಾಟಕ ಮಾಡಿದರು. ಮಹಾರಾಷ್ಟ್ರದಲ್ಲಿ ನಾಟಕದ ಸ್ಕ್ರಿಪ್ಟನ್ನು ಮೊದಲೇ ಮಂಡಳಿಗೆ ತೋರಿಸಬೇಕು. ಇನ್ನು ಬ್ರಿಟಿಷರು 1876ರಲ್ಲಿ ತಂದ ನಾಟಕ ಪ್ರದರ್ಶನ ಕಾಯ್ದೆಯನ್ನು ನಮ್ಮ ಸಂಸತ್ತು ಪುಸ್ತಕದಿಂದ ತೆಗೆದುಹಾಕಿ ಇನ್ನೂ ಹತ್ತು ವರ್ಷ ಕೂಡ ಹಳೇದಾಗಿಲ್ಲ, ಅದು ಹೋಗಿದ್ದು 2018ರಲ್ಲಿ.

ಕಾನೂನು ಹೋದರೂ 'ಸುಮ್ನೆ ಯಾಕೆ ರಿಸ್ಕ್?' ಅನ್ನೋ ಮಾತು ಹೋಗಲ್ಲ. ಅದನ್ನು ಹೇಳೋರು ಸಾಮಾನ್ಯವಾಗಿ ನಮ್ಮ ಒಳ್ಳೇದು ಬಯಸೋರೇ. ಎರಡು ಸಾಲು ತೆಗೀರಿ ಸಾಕು, ಇಡೀ ನಾಟಕ ಉಳಿಯುತ್ತಲ್ಲ ಅಂತಾರೆ. ಕೆಲವು ಸಲ ತೆಗೆಯಬೇಕಾಗಿಯೂ ಬರಬಹುದು, ಬದುಕು ಹಾಗೆ. ಆದರೆ ಹೂಂ ಅನ್ನೋ ಮುಂಚೆ ಆಶ್ ಮಾಡದೇ ಬಿಟ್ಟ ಕೆಲಸ ಒಂದಿದೆ, ಅದನ್ನಾದರೂ ಮಾಡೋಣ. ಆ ಎರಡು ಸಾಲು ತೆಗೆದು, ಮಿಕ್ಕಿದ್ದನ್ನು ಮೊದಲಿನಿಂದ ಒಮ್ಮೆ ಪೂರ್ತಿ ಓದಿನೋಡಬೇಕು. ನಾವು ಹೇಳಬೇಕು ಅಂತ ಹೊರಟಿದ್ದು ಅದರಲ್ಲಿ ಇನ್ನೂ ಇದೆಯಾ, ಇಲ್ಲವಾ ಅಂತ.